ಹಲಗೆ ಹಸಿರು, ಅಂಟು ಯಾವುದು?

ಬೆಂಗಳೂರಿನ ಹೊಸ ಅಪಾರ್ಟ್‌ಮೆಂಟೊಂದರಲ್ಲಿ ಗೃಹಪ್ರವೇಶ. ಹೋಮದ ಹೊಗೆ ಕಿಟಕಿಯಿಂದಾಚೆ ಹೋಗಿ ತುಂಬಾ ಹೊತ್ತಾಗಿದೆ. ಊಟ ಮುಗಿಸಿದ ನೆಂಟರು ಕೈಯಲ್ಲಿ ತಾಂಬೂಲದ ಚೀಲ ಹಿಡಿದು ಮನೆ ನೋಡುತ್ತಿದ್ದಾರೆ. ಮಲಗುವ ಕೋಣೆಯ ವಾರ್ಡ್‌ರೋಬಿನ ಬಾಗಿಲು ತೆಗೆದರೆ ಮೂಗಿಗೆ ಘಾಟು ಹೊಡೆಯುತ್ತದೆ, ಕಣ್ಣಂಚು ಚುರುಗುಟ್ಟುತ್ತದೆ. ‘ಹೊಸದಲ್ವಾ, ವಾಸನೆ ಇನ್ನೂ ಹೋಗಿಲ್ಲ’ ಎನ್ನುತ್ತಾರೆ ಮನೆಯೊಡತಿ, ಸ್ವಲ್ಪ ಹೆಮ್ಮೆಯಿಂದಲೇ. ಹೋಮದ ಹೊಗೆ ಇರಬೇಕೆಂದುಕೊಂಡ ಅಜ್ಜಿಯೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಆ ಘಾಟಿಗೆ ಕಾರಣ ಹೊಗೆಯಲ್ಲ, ಫಾರ್ಮಾಲ್ಡಿಹೈಡ್ ಎಂಬ ಅನಿಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ವಾರ್ಡ್‌ರೋಬಿನ ಹಲಗೆಯಾದರೋ ಮುಕ್ಕಾಲು ಪಾಲಿಗೂ ಮೀರಿ ಮರವೇ. ನೂರು ಕಿಲೋ ಎಂಡಿಎಫ್ ಹಲಗೆಯಲ್ಲಿ ಅಂಟಿನ ಪಾಲು ಹೆಚ್ಚುಕಡಿಮೆ ಹತ್ತು ಕಿಲೋ, ಉಳಿದದ್ದು ಮರದ ನಾರು. ಲೆಕ್ಕದಲ್ಲಿ ನೋಡಿದರೆ ಇದು ಅಪ್ಪಟ ಸಸ್ಯಜನ್ಯ ವಸ್ತು. ಕಣ್ಣಲ್ಲಿ ನೀರು ತರಿಸುವುದು ಆ ಹತ್ತು ಕಿಲೋ.

ಸಸ್ಯದ ನಾರಿನಿಂದ ಮಾಡಿದ ಕಟ್ಟಡ ಸಾಮಗ್ರಿಗಳಿಗೆ ಈಗ ಒಳ್ಳೆಯ ಕಾಲ. ಬಿದಿರಿನ ಹಲಗೆ, ತೆಂಗಿನ ನಾರಿನ ಪ್ಲೈ, ಭತ್ತದ ಹೊಟ್ಟಿನ ಬಾಗಿಲು, ಕಬ್ಬಿನ ರಚ್ಚಿನ ಇಟ್ಟಿಗೆ, ಹೆಂಪ್ ಗೋಡೆ ಹೀಗೆ ಪಟ್ಟಿ ಬೆಳೆಯುತ್ತಲೇ ಇದೆ. 2022ರ ನವೆಂಬರ್‌ನಲ್ಲಿ ಉದ್ಘಾಟನೆಯಾದ ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್‌ನಲ್ಲಿ ತಲೆಯೆತ್ತಿದರೆ ಕಾಣುವುದು ಬಿದಿರಿನ ಚಾವಣಿ. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಶೇ. 7–8ರಷ್ಟು ಸಿಮೆಂಟ್ ಒಂದರದ್ದೇ ಆಗಿರುವಾಗ ಈ ಉತ್ಸಾಹ ತಪ್ಪೇನಲ್ಲ. ತಪ್ಪಿರುವುದು ನಾವು ಕೇಳುವ ಪ್ರಶ್ನೆಯಲ್ಲಿ. ಮಾರುವವರು ನಾರಿನ ಹೆಸರು ಹೇಳುತ್ತಾರೆ, ಕೊಳ್ಳುವವರು ನಾರಿನ ಹೆಸರು ಕೇಳಿ ತೃಪ್ತರಾಗುತ್ತಾರೆ. ಆ ನಾರನ್ನು ಒಂದಕ್ಕೊಂದು ಹಿಡಿದಿಟ್ಟಿರುವುದು ಏನು ಎಂದು ಕೇಳುವವರು ಕಡಿಮೆ. ಹಲಗೆ ಮನೆಯೊಳಗೆ ಏನನ್ನು ಉಸಿರಾಡುತ್ತದೆ, ಮಳೆಗೆ ಹೇಗೆ ನಡೆದುಕೊಳ್ಳುತ್ತದೆ, ಮನೆ ಕೆಡವಿದ ದಿನ ಎಲ್ಲಿಗೆ ಹೋಗುತ್ತದೆ ಎಂಬ ಮೂರನ್ನೂ ತೀರ್ಮಾನಿಸುವುದು ಬಹುಮಟ್ಟಿಗೆ ಅಂಟೇ.

ನಾರು ಅಂಟು ಸೇರಿದ ಇಂಥ ವಸ್ತುಗಳಿಗೆ ಕಾಂಪೊಸಿಟ್ ಎಂಬ ಹೆಸರು ಹೊಸದಿರಬಹುದು, ಹಿಕಮತ್ತು ಹಳೆಯದು. ನಾರು ಎಳೆತವನ್ನು ತಡೆಯುತ್ತದೆ, ಅಂಟು ನಾರನ್ನು ಕದಲದಂತೆ ಹಿಡಿದು ಭಾರವನ್ನು ಒಂದೆಳೆಯಿಂದ ಇನ್ನೊಂದೆಳೆಗೆ ದಾಟಿಸುತ್ತದೆ, ಅಷ್ಟೇ. ಹಳ್ಳಿಯಲ್ಲಿ ಮಣ್ಣಿನ ಗೋಡೆ ಎಬ್ಬಿಸುವವರು ಮಣ್ಣಿಗೆ ಹುಲ್ಲು ಸೇರಿಸಿ, ನೀರು ಬಿಟ್ಟು, ಕಾಲಲ್ಲಿ ತುಳಿದು, ಎರಡು ಮೂರು ದಿನ ಕೊಳೆಯಲು ಬಿಡುತ್ತಿದ್ದರು. ಜೇಡಿಮಣ್ಣು ಒಣಗುವಾಗ ಕುಗ್ಗುತ್ತದೆ, ಕುಗ್ಗಿದಾಗ ಬಿರುಕು ಬಿಡುತ್ತದೆ. ಬಿರುಕನ್ನು ಅಡ್ಡಲಾಗಿ ಹೊಲಿದಂತೆ ಹಿಡಿಯುವುದು ಹುಲ್ಲು. ಬಿದಿರಿನ ತಡಿಕೆಗೆ ಮಣ್ಣು ಮೆತ್ತಿದ ಗೋಡೆಯೂ ಇದೇ ಜಾತಿ. ಅಲ್ಲಿ ಅಂಟಿನ ಕೆಲಸ ಮಾಡಿದ್ದು ಮಣ್ಣು. ಅದಕ್ಕೆ ವಾಸನೆಯಿಲ್ಲ, ಬೆಲೆಯೂ ಇಲ್ಲ. ಆದರೆ ನೀರು ಕಂಡರಾಗದು.

ಎಲ್ಲೋರದ ಗುಹೆಗಳ ಗಿಲಾವಿನ ಕತೆ ಇದಕ್ಕಿಂತ ಕುತೂಹಲದ್ದು. ಅಲ್ಲಿನ ಮಣ್ಣಿನ ಗಿಲಾವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಪುರಾತತ್ವ ಇಲಾಖೆಯ ರಸಾಯನತಜ್ಞರೂ ಸಸ್ಯಶಾಸ್ತ್ರಜ್ಞರೂ ಅದರಲ್ಲಿ ಭಂಗಿ ಗಿಡದ ನಾರು ಇರುವುದನ್ನು ಗುರುತಿಸಿ 2016ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ದೇವಗಿರಿ ಕೋಟೆಯ ಯಾದವರ ಕಾಲದ ಗಿಲಾವಿನಲ್ಲೂ ಅದು ಸಿಕ್ಕಿದೆ. ಅಜಂತಾದ ಗಿಲಾವಿನಲ್ಲಿ ಭಂಗಿ ಇಲ್ಲ, ಅಲ್ಲಿ ಹುಳುಗಳ ಕಾಟ ಹೆಚ್ಚು. ಎಲ್ಲೋರದ ಗಿಲಾವು ಇಷ್ಟು ಶತಮಾನ ಉಳಿಯಲು ಭಂಗಿಯೂ ಒಂದು ಕಾರಣ ಎಂಬುದು ಅವರ ವಾದ. ಇದನ್ನು ಓದಿದವರು ಭಂಗಿಯನ್ನಷ್ಟೇ ನೆನಪಿಟ್ಟುಕೊಂಡರು. ಅದನ್ನು ಕಲಸಿದ ಮಣ್ಣು, ಮೇಲೆ ಬಳಿದ ಸುಣ್ಣ, ಮಳೆ ತಾಗದ ಗುಹೆಯ ಒಡಲು ಸುದ್ದಿಯಾಗಲಿಲ್ಲ.

ಮಣ್ಣು ಸುಣ್ಣಗಳ ಜಾಗಕ್ಕೆ ಪೆಟ್ರೋಲಿಯಂ ಬಂದದ್ದು ಇಪ್ಪತ್ತನೇ ಶತಮಾನದಲ್ಲಿ. ಲಿಯೊ ಬೇಕಲಂಡ್ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಸೇರಿಸಿ ಮಾಡಿದ ಬೇಕಲೈಟಿಗೆ 1909ರಲ್ಲಿ ಪೇಟೆಂಟ್ ಸಿಕ್ಕಿತು. ಅಜ್ಜಂದಿರ ಕಾಲದ ಕಪ್ಪು ಎಲೆಕ್ಟ್ರಿಕ್ ಸ್ವಿಚ್ಚು ಮಾಡಿದ್ದು ಅದರಿಂದ. ಇಂದು ಬಡಗಿಗಳು ‘ಸೆವೆನ್ ಟೆನ್’ ಎಂದು ಕರೆಯುವ, ಐಎಸ್ 710 ಗುರುತಿನ ಮರೈನ್ ಪ್ಲೈಯ ಪದರಗಳನ್ನು ಹಿಡಿದಿರುವುದೂ ಅದೇ ಕುಲದ ರೆಸಿನ್. ಅಡುಗೆಮನೆಗೆ ಸೆವೆನ್ ಟೆನ್ ಹಾಕಿ, ಬೆಡ್‌ರೂಮಿಗೆ ಎಂಆರ್ ಸಾಕು ಎಂದು ಮೇಸ್ತ್ರಿ ಹೇಳುವಾಗ ಅವರು ಮಾತಾಡುತ್ತಿರುವುದು ಮರದ ಬಗ್ಗೆ ಅಲ್ಲ, ಅಂಟಿನ ಬಗ್ಗೆ. ಎಂಆರ್ ದರ್ಜೆಗೆ ಸಾಮಾನ್ಯವಾಗಿ ಬಳಸುವುದು ಯೂರಿಯಾ-ಫಾರ್ಮಾಲ್ಡಿಹೈಡ್. ಇದು ಅಗ್ಗ, ಬಣ್ಣವಿಲ್ಲ, ಪ್ರೆಸ್ಸಿನಲ್ಲಿ ಬೇಗ ಗಟ್ಟಿಯಾಗುತ್ತದೆ. ಆದರೆ ಇದರ ಬೆಸುಗೆ ಪೂರ್ತಿ ಶಾಶ್ವತವಲ್ಲ. ಸೆಕೆ ಮತ್ತು ತೇವ ಎರಡೂ ಸೇರಿದರೆ ಬೆಸುಗೆ ಸ್ವಲ್ಪಸ್ವಲ್ಪವೇ ಬಿಚ್ಚಿ ಅನಿಲ ಹೊರಬರುತ್ತದೆ. ಫೀನಾಲಿನ ಅಂಟು ಈ ವಿಷಯದಲ್ಲಿ ಎಷ್ಟೋ ವಾಸಿ. ಮಲಗಿ ಎಂಟು ಗಂಟೆ ಉಸಿರಾಡುವ ಕೋಣೆಗೆ ನಾವು ಆರಿಸಿಕೊಳ್ಳುವುದು ಮಾತ್ರ ಎಂಆರ್.

ಅಮೆರಿಕಕ್ಕೆ ಈ ಪಾಠ ಕಲಿಸಿದ್ದು 2005ರ ಕತ್ರೀನಾ ಚಂಡಮಾರುತ. ಮನೆ ಕಳೆದುಕೊಂಡವರಿಗೆ ಸರ್ಕಾರ ಕೊಟ್ಟ ತಾತ್ಕಾಲಿಕ ಟ್ರೇಲರ್ ಮನೆಗಳಲ್ಲಿ ಕೆಮ್ಮು, ತಲೆನೋವು, ಕಣ್ಣುರಿಯ ದೂರುಗಳು ಬಂದವು. ಆರೋಗ್ಯ ಇಲಾಖೆಯವರು ಒಳಗಿನ ಗಾಳಿ ಅಳೆದಾಗ ಫಾರ್ಮಾಲ್ಡಿಹೈಡ್ ಮಾಮೂಲಿ ಮನೆಗಳಿಗಿಂತ ಬಹಳ ಹೆಚ್ಚಿತ್ತು. ಸಣ್ಣ ಪೆಟ್ಟಿಗೆಯಂಥ ಮನೆ, ಒಳಗೆಲ್ಲ ಅಗ್ಗದ ಹಲಗೆ, ಹೊರಗೆ ಮೆಕ್ಸಿಕೊ ಕೊಲ್ಲಿಯಿಂದ ಬೀಸುವ ಸೆಕೆಯ ಗಾಳಿ. ಕ್ಯಾಲಿಫೋರ್ನಿಯಾ ಆ ಹೊತ್ತಿಗಾಗಲೇ ನಿಯಮ ರೂಪಿಸಿತ್ತು, 2010ರಲ್ಲಿ ಇಡೀ ದೇಶಕ್ಕೆ ಕಾನೂನು ಬಂತು. ಮುಚ್ಚಿದ ಕೋಣೆ, ತೇವದ ಸೆಕೆ, ಅಗ್ಗದ ಹಲಗೆ: ಮಂಗಳೂರಿನಲ್ಲೋ ಚೆನ್ನೈಯಲ್ಲೋ ಎಸಿ ಹಾಕಿಕೊಂಡು ಕಿಟಕಿ ತೆರೆಯದೆ ಬದುಕುವವರಿಗೆ ಈ ಮೂರೂ ಅಪರಿಚಿತವೇನಲ್ಲ.

ಹಾಗಾದರೆ ಅಂಟಿಲ್ಲದೆ ಹಲಗೆ ಮಾಡಲು ಸಾಧ್ಯವೇ? ಸಾಧ್ಯ, ಅದೂ ಹಳೆಯ ಸಂಗತಿ. ಗಿಡ ತನ್ನೊಳಗೇ ಒಂದು ಅಂಟನ್ನು ಇಟ್ಟುಕೊಂಡಿರುತ್ತದೆ, ಅದರ ಹೆಸರು ಲಿಗ್ನಿನ್. ಸೆಲ್ಯುಲೋಸಿನ ಎಳೆಗಳನ್ನು ಬಿಗಿಹಿಡಿದು ಮರವನ್ನು ನೆಟ್ಟಗೆ ನಿಲ್ಲಿಸಿರುವುದೇ ಅದು. 1924ರಲ್ಲಿ ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಲಾರೆಲ್ ಪಟ್ಟಣದಲ್ಲಿ ವಿಲಿಯಂ ಮೇಸನ್ ಎಂಬ ಎಂಜಿನಿಯರ್ ಗರಗಸದ ಮಿಲ್ಲಿನ ಚೂರುಗಳನ್ನು ಭಾರಿ ಒತ್ತಡದ ಹಬೆಯಲ್ಲಿಟ್ಟು ಥಟ್ಟನೆ ಬಿಟ್ಟ. ಚೂರುಗಳು ಸಿಡಿದು ನಾರಾದವು. ಆ ನಾರನ್ನು ಬಿಸಿ ಪ್ರೆಸ್ಸಿನಲ್ಲಿ ಒತ್ತಿದಾಗ ಲಿಗ್ನಿನ್ ಮೆತ್ತಗಾಗಿ ಎಲ್ಲವನ್ನೂ ಮತ್ತೆ ಹಿಡಿದುಕೊಂಡಿತು. ಅದೇ ಮೇಸನೈಟ್. ನಮ್ಮ ಹಳೆಯ ರೇಡಿಯೋಗಳ ಹಿಂಬದಿಯ ಕಂದು ತೂತಿನ ಹಾರ್ಡ್‌ಬೋರ್ಡ್ ಆ ಮನೆತನದ್ದು. 1930ರ ದಶಕದಲ್ಲಿ ಸ್ವೀಡನ್ನಿನಲ್ಲಿ ಹುಲ್ಲನ್ನೇ ಕಾಯಿಸಿ ಒತ್ತಿ ದಪ್ಪ ಹಲಗೆ ಮಾಡುವ ಯಂತ್ರ ಬಂತು, ಬ್ರಿಟನ್ನಿನಲ್ಲಿ ಅದು ‘ಸ್ಟ್ರಾಮಿಟ್’ ಎಂದು ಹೆಸರಾಯಿತು. ಮೇಲೆ ಹೊದಿಸುವ ಕಾಗದಕ್ಕಷ್ಟೇ ಗೋಂದು, ಒಡಲಿಗೆ ಏನೂ ಇಲ್ಲ.

ತೆಂಗಿನ ಕತೆ ನಮಗೆ ಇನ್ನೂ ಹತ್ತಿರದ್ದು. ತಿಪಟೂರು ಸೀಮೆಯಲ್ಲಿ ಕಾಯಿಯನ್ನು ಅಟ್ಟದ ಮೇಲೆ ಹರಡಿ ಹತ್ತಿರ ಹತ್ತಿರ ಒಂದು ವರ್ಷ ಬಿಡುತ್ತಾರೆ. ಎತ್ತಿ ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗಡಗಡ ಎನ್ನಬೇಕು, ಆಗ ಸುಲಿಯುತ್ತಾರೆ. ಸುಲಿದ ಮಟ್ಟೆ ರಾಶಿ ಬೀಳುತ್ತದೆ. ಒಂದಷ್ಟು ನಾರಿನ ಮಿಲ್ಲಿಗೆ, ಒಂದಷ್ಟು ಒಲೆಗೆ, ಒಂದಷ್ಟು ತೋಟದ ಬುಡಕ್ಕೆ. ತೆಂಗಿನ ನಾರಿನಲ್ಲಿ ಲಿಗ್ನಿನ್ ಅಂಶ ಶೇ. 40ರ ಮೇಲೆ, ಇತರ ನಾರುಗಳಿಗಿಂತ ಬಹಳ ಹೆಚ್ಚು. ಬಾವಿಯ ಹಗ್ಗ ವರ್ಷಗಟ್ಟಲೆ ನೀರಲ್ಲಿ ನೆಂದರೂ ಕೊಳೆಯದಿರುವುದು ಈ ಕಾರಣಕ್ಕೇ. ಇಪ್ಪತ್ತು ವರ್ಷಗಳ ಹಿಂದೆ ನೆದರ್‌ಲೆಂಡ್ಸಿನ ವಾಗನಿಂಗನ್ ಸಂಶೋಧಕರು ಇಡೀ ಮಟ್ಟೆಯನ್ನು, ನಾರನ್ನೂ ಅದಕ್ಕಂಟಿದ ಪುಡಿಯನ್ನೂ ಬೇರ್ಪಡಿಸದೆ, ಅರೆದು 140 ಡಿಗ್ರಿಗೆ ಮೇಲೆ ಕಾಯಿಸಿ ಒತ್ತಿದರು. ಪುಡಿಯ ಲಿಗ್ನಿನ್ ಕರಗಿ ಅಂಟಾಯಿತು, ನಾರು ಬಲ ಕೊಟ್ಟಿತು, ಹೊರಗಿನ ರೆಸಿನ್ ಒಂದು ಹನಿಯೂ ಸೇರಿಸದೆ ಗಟ್ಟಿ ಹಲಗೆ ಬಂತು. ನಾವು ನಾರಿನಿಂದ ಪುಡಿಯನ್ನು ಬೇರೆ ಮಾಡಿ, ಅದನ್ನು ಕೋಕೋಪೀಟ್ ಎಂದು ಇಟ್ಟಿಗೆ ಕಟ್ಟಿ ಹಡಗು ಹತ್ತಿಸಿ, ಉಳಿದ ನಾರಿಗೆ ಫೀನಾಲ್ ಸುರಿದು ‘ಪರಿಸರಸ್ನೇಹಿ ಹಲಗೆ’ ಮಾಡುತ್ತೇವೆ.

ವ್ಯಾಪಾರದ ದೃಷ್ಟಿಯಿಂದ ಇದರಲ್ಲಿ ಅರ್ಥವಿಲ್ಲದಿಲ್ಲ. ಕೋಕೋಪೀಟಿಗೆ ಒಳ್ಳೆಯ ಬೆಲೆ ಇದೆ, ಅಂಟಿಲ್ಲದ ಹಲಗೆಗೆ ಹೆಚ್ಚು ಬಿಸಿ, ಹೆಚ್ಚು ಒತ್ತಡ, ದೊಡ್ಡ ಪ್ರೆಸ್ಸು ಬೇಕು. ಅದಕ್ಕಿಂತ ಮುಖ್ಯವಾಗಿ, ಗಿಡದ ಸ್ವಂತ ಅಂಟಿನಿಂದಷ್ಟೇ ನಿಂತ ಹಲಗೆ ನೀರಿಗೆ ಅಂಜುತ್ತದೆ. ಮೇಸನೈಟನ್ನೇ ಮನೆಯ ಹೊರಗೋಡೆಗೆ ಹೊದಿಸಿದ ಅಮೆರಿಕನ್ನರು ಮಳೆಯಲ್ಲಿ ಅದು ಉಬ್ಬಿ ಕೊಳೆತಾಗ ಕೋರ್ಟಿಗೆ ಹೋದರು, 1990ರ ದಶಕದ ಕೊನೆಗೆ ಕಂಪನಿ ಪರಿಹಾರ ಕೊಡಬೇಕಾಯಿತು. ಹಲಗೆ ಕೆಟ್ಟದ್ದೆಂದಲ್ಲ, ಅದನ್ನಿಟ್ಟ ಜಾಗ ಕೆಟ್ಟದ್ದು. ಮಲೆನಾಡಿನವರು ಮಣ್ಣಿನ ಗೋಡೆಯ ಮೇಲೆ ಮಾರುದ್ದ ಸೂರು ಇಳಿಸಿ, ಕೆಳಗೆ ಕಲ್ಲಿನ ಪಂಚಾಂಗ ಎಬ್ಬಿಸಿ, ಮಳೆಗಾಲಕ್ಕೆ ಮುಂಚೆ ಜಗಲಿಗೆ ತಟ್ಟಿ ಕಟ್ಟುತ್ತಿದ್ದರು. ಸೂರನ್ನು ಗೋಡೆಯ ಮಟ್ಟಕ್ಕೆ ಕತ್ತರಿಸಿದ ‘ಬಾಕ್ಸ್ ಡಿಸೈನ್’ ಮನೆಗೆ ಹುಲ್ಲಿನ ಹಲಗೆಯೇನು, ಒಳ್ಳೆಯ ಸಿಮೆಂಟ್ ಗಿಲಾವೂ ತಾಳುವುದಿಲ್ಲ.

ನೀರಿಗೂ ನಾರಿಗೂ ಇರುವ ಈ ನಂಟು ರಾಸಾಯನಿಕವಾದದ್ದು. ಸೆಲ್ಯುಲೋಸಿನ ಮೈತುಂಬ ನೀರನ್ನು ಕರೆಯುವ ಹೈಡ್ರಾಕ್ಸಿಲ್ ಗುಂಪುಗಳಿವೆ. ತೇವ ಏರಿದಾಗ ನಾರು ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ, ಅಂಟಾದರೋ ಇದ್ದಲ್ಲೇ ಇರುತ್ತದೆ. ವರ್ಷಕ್ಕೊಂದು ಮಳೆಗಾಲ ಈ ಜಗ್ಗಾಟ ನಡೆದರೆ ಎರಡರ ನಡುವೆ ಬಿರುಕು ಖಂಡಿತ. ಕಾಸ್ಟಿಕ್ ಸೋಡಾದಲ್ಲಿ ನಾರನ್ನು ತೊಳೆದು ಮೇಣದ ಅಂಶ ತೆಗೆದರೆ ಅಂಟು ಚೆನ್ನಾಗಿ ಹಿಡಿಯುತ್ತದೆ, ಹಾಗೆ ತೊಳೆದ ನೀರು ಎಲ್ಲಿಗೆ ಹರಿಯುತ್ತದೆ ಎಂಬುದನ್ನೂ ಆಗ ಕೇಳಬೇಕಾಗುತ್ತದೆ.

ಅಂಟಿಲ್ಲದೆ ಆಗದ ಕಡೆಗೆ ಬೇರೆ ಅಂಟು ಹುಡುಕಬೇಕು. ಕರಾವಳಿಯವರಿಗೆ ಇದಕ್ಕೆ ದೂರ ಹೋಗಬೇಕಿಲ್ಲ. ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರ ಜೊತೆ ಬಂದ ಗೇರುಮರ ಈಗ ಮಂಗಳೂರಿನ ಉದ್ಯಮವೇ ಆಗಿದೆ. ಕಾರ್ಖಾನೆಯಲ್ಲಿ ಬೀಜ ಒಡೆಯುವ ಹೆಂಗಸರು ಕೈಗೆ ಎಣ್ಣೆಯನ್ನೋ ಬೂದಿಯನ್ನೋ ಹಚ್ಚಿಕೊಂಡು ಕೂರುತ್ತಾರೆ, ಇಲ್ಲದಿದ್ದರೆ ಚಿಪ್ಪಿನ ಎಣ್ಣೆ ತಾಗಿ ಚರ್ಮ ಸುಟ್ಟು ಕಪ್ಪಾಗುತ್ತದೆ. ಚಿಪ್ಪಿನ ತೂಕದಲ್ಲಿ ಕಾಲು ಭಾಗದಷ್ಟಿರುವ ಈ ಎಣ್ಣೆಯನ್ನು ಹಿಂದೆ ದೋಣಿಗೂ ಮಾಡಿನ ಮರಕ್ಕೂ ಬಳಿಯುತ್ತಿದ್ದರು, ಗೆದ್ದಲು ಹತ್ತಿರ ಬರುತ್ತಿರಲಿಲ್ಲ. ಕಾಯಿಸಿದಾಗ ಇದರಿಂದ ಸಿಗುವ ಕಾರ್ಡನಾಲ್ ಎಂಬುದು ಒಂದು ಫೀನಾಲೇ. ಅದರ ಬೆನ್ನಿಗೆ ಹದಿನೈದು ಇಂಗಾಲದ ಉದ್ದ ಬಾಲವಿದೆ. ಆ ಬಾಲದಿಂದಾಗಿ ರೆಸಿನ್ ಸ್ವಲ್ಪ ಬಾಗುತ್ತದೆ, ನೀರನ್ನು ದೂರವಿಡುತ್ತದೆ. ಲಾರಿಗಳ ಬ್ರೇಕ್ ಲೈನಿಂಗಿನಲ್ಲಿ ದಶಕಗಳಿಂದ ಇರುವುದು ಇದೇ. ಪ್ಲೈವುಡ್ ಅಂಟಿನಲ್ಲಿ ಪೆಟ್ರೋಲಿಯಂ ಫೀನಾಲಿನ ಒಂದು ಪಾಲನ್ನು ಇದರಿಂದ ತುಂಬಬಹುದು. ಹಾಗೆಂದು ಇದನ್ನು ಪೂರ್ತಿ ನಿರಪಾಯ ಎನ್ನಲಾಗದು. ಕಾರ್ಡನಾಲ್ ಬಂದು ಫೀನಾಲನ್ನು ಓಡಿಸಬಹುದೇ ಹೊರತು ಜೊತೆಗಿರುವ ಫಾರ್ಮಾಲ್ಡಿಹೈಡನ್ನಲ್ಲ. ಬೀಜ ಒಡೆಯುವವರ ಕೈ ಹಾಗೆಯೇ ಸುಡುತ್ತಿರುವಾಗ ಅದನ್ನು ಹಸಿರು ಎನ್ನುವುದೂ ಅಷ್ಟು ಸುಲಭವಲ್ಲ.

ಲಿಗ್ನಿನ್ನಿಗೂ ಇದೇ ಕೆಲಸ ಕೊಡಬಹುದು. ದಾಂಡೇಲಿಯಂಥ ಊರಿನ ಕಾಗದದ ಕಾರ್ಖಾನೆಗಳಲ್ಲಿ ತಿರುಳು ತೆಗೆದ ಮೇಲೆ ಉಳಿಯುವ ಕಪ್ಪು ದ್ರವದ ತುಂಬ ಲಿಗ್ನಿನ್ ಇರುತ್ತದೆ, ಅದನ್ನು ಬಾಯ್ಲರಿನಲ್ಲಿ ಸುಟ್ಟು ಶಾಖ ಪಡೆಯುತ್ತಾರೆ. ಫಿನ್ಲೆಂಡಿನ ಯುಪಿಎಂ ಕಂಪನಿ ಪ್ಲೈವುಡ್ ಅಂಟಿನ ಫೀನಾಲಿನಲ್ಲಿ ಅರ್ಧವನ್ನು ಲಿಗ್ನಿನ್ನಿನಿಂದ ಬದಲಿಸಿ ಮಾರುಕಟ್ಟೆಗೆ ತಂದಿದೆ. ಫಾರ್ಮಾಲ್ಡಿಹೈಡನ್ನೇ ಹೊರಗಿಟ್ಟವರೂ ಉಂಟು. ಬಂಡೆಗೆ ಕಚ್ಚಿಕೊಳ್ಳುವ ಕಡಲ ಚಿಪ್ಪುಗಳ ಪ್ರೋಟೀನು ಅಲೆಯ ಹೊಡೆತಕ್ಕೂ ಬಿಡದಿರುವುದನ್ನು ಕಂಡ ಆರೆಗನ್ ಸ್ಟೇಟ್ ವಿಶ್ವವಿದ್ಯಾಲಯದ ಕೈಚಾಂಗ್ ಲಿ ಸೋಯಾ ಹಿಟ್ಟಿನ ಪ್ರೋಟೀನನ್ನು ಆ ಬಗೆಯಲ್ಲಿ ತಿದ್ದಿದರು. 2005ರಿಂದ ಅಮೆರಿಕದ ಒಂದು ದೊಡ್ಡ ಕಂಪನಿ ಆ ಅಂಟಿನಲ್ಲೇ ಪ್ಲೈವುಡ್ ಮಾಡುತ್ತಿದೆ. ಅಲ್ಲಿ ಕಾನೂನು ಬಿಗಿಯಾಗುವ ಲಕ್ಷಣ ಕಂಡಿತ್ತು, ಕೊಳ್ಳುವವರು ಕೇಳತೊಡಗಿದ್ದರು, ಕಾರ್ಖಾನೆ ಬದಲಾಯಿತು. ನಮ್ಮಲ್ಲಿ ಪ್ಲೈ ಅಂಗಡಿಗೆ ಹೋದವರು ಕೇಳುವುದು ಎರಡೇ: ಗೆದ್ದಲು ಹಿಡಿಯುತ್ತಾ, ಎಷ್ಟು ವರ್ಷ ಗ್ಯಾರಂಟಿ?

ಗೋಡೆಗಳ ವಿಚಾರಕ್ಕೆ ಬಂದರೆ ಸುಣ್ಣ ಇನ್ನೂ ಸೋತಿಲ್ಲ. ಹೆಂಪ್, ಅಂದರೆ ಅದೇ ಭಂಗಿ ಗಿಡದ ಕಾಂಡದ ನಾರು ಸುಲಿದ ಮೇಲೆ ಉಳಿಯುವ ಬೆಂಡಿನಂಥ ಚೂರುಗಳನ್ನು ಸುಣ್ಣದ ಜೊತೆ ಕಲಸಿ ಅಚ್ಚಿಗೆ ತುಂಬಿದರೆ ಹೆಂಪ್‌ಕ್ರೀಟ್. 1980ರ ದಶಕದ ನಡುವಿನಲ್ಲಿ ಫ್ರಾನ್ಸಿನ ನೊಝಾನ್-ಸುರ್-ಸೆನ್ ಊರಿನಲ್ಲಿ ಒಂದು ಹಳೆಯ ಮರದ ಚೌಕಟ್ಟಿನ ಮನೆಯ ದುರಸ್ತಿಗೆ ಇದನ್ನು ಬಳಸಿದ್ದೇ ಈಗಿನ ಅಲೆಯ ಆರಂಭ. ಒಂದು ಘನ ಮೀಟರ್ ಮುನ್ನೂರು ನಾಲ್ಕುನೂರು ಕಿಲೋ ತೂಗುತ್ತದೆ. ಕಾಂಕ್ರೀಟಾದರೆ 2,400. ಇದು ಭಾರ ಹೊರುವುದಿಲ್ಲ, ಹೊರುವುದಕ್ಕೆ ಮರದ ಚೌಕಟ್ಟು ಬೇಕು. ಇದರ ಗುಣ ಇರುವುದು ಬೇರೆ ಕಡೆ: ಬಿಸಿಲಿನ ಝಳ ಒಳಗೆ ಬಿಡದು, ಗಾಳಿಯ ತೇವ ಕುಡಿದು ಮತ್ತೆ ಬಿಟ್ಟುಕೊಡುತ್ತದೆ, ಸುಣ್ಣದ ಕ್ಷಾರಕ್ಕೆ ಬೂಷ್ಟು ಹಿಡಿಯದು. ಉತ್ತರಾಖಂಡದ ಯಮಕೇಶ್ವರದಲ್ಲಿ ಯುವ ವಾಸ್ತುಶಿಲ್ಪಿಗಳ ತಂಡವೊಂದು ಇಂಥ ಮನೆ ಕಟ್ಟಿದೆ. ಹೆಂಪ್ ಬೆಳೆಗೆ ಪರವಾನಗಿ ಕೊಟ್ಟಿರುವ ರಾಜ್ಯ ಅದು. 1985ರ ಮಾದಕವಸ್ತು ಕಾಯ್ದೆಯಲ್ಲಿ ನಾರು ಬೀಜಗಳಿಗಾಗಿ ಬೆಳೆಯಲು ಅವಕಾಶವಿದ್ದರೂ ಅನುಮತಿ ರಾಜ್ಯದ ಮರ್ಜಿ.

ಕರ್ನಾಟಕ ಹೆಂಪಿಗಾಗಿ ಕಾಯುತ್ತ ಕೂರಬೇಕಿಲ್ಲ, ಇಲ್ಲಿ ಕಬ್ಬಿದೆ. ಅರೆದ ಕಬ್ಬಿನ ತೂಕದಲ್ಲಿ ಕಾಲು ಭಾಗಕ್ಕೂ ಮೀರಿ ರಚ್ಚಾಗಿ ಉಳಿಯುತ್ತದೆ. ಲೂಸಿಯಾನಾದ ಮರೆರೋದಲ್ಲಿ 1920ರ ದಶಕದಲ್ಲೇ ರಚ್ಚಿನಿಂದ ‘ಸೆಲೊಟೆಕ್ಸ್’ ಎಂಬ ಶಾಖನಿರೋಧಕ ಹಲಗೆ ಮಾಡಿ ಮಾರಿದರು. 2023ರಲ್ಲಿ ಈಸ್ಟ್ ಲಂಡನ್ ವಿಶ್ವವಿದ್ಯಾಲಯದವರು ರಚ್ಚಿಗೆ ಖನಿಜದ ಅಂಟು ಸೇರಿಸಿದ ‘ಶುಗರ್‌ಕ್ರೀಟ್’ ಇಟ್ಟಿಗೆಯನ್ನು ಪ್ರಕಟಿಸಿದರು. ಒಂದು ಚಿಟಿಕೆ ಸಕ್ಕರೆ ಬಿದ್ದರೂ ಸಿಮೆಂಟ್ ಗಟ್ಟಿಯಾಗಲು ಸತಾಯಿಸುತ್ತದೆ ಎಂದು ಗಾರೆಯವರಿಗೆ ಗೊತ್ತು. ರಚ್ಚಿನಲ್ಲಿ ಉಳಿದ ಸಿಹಿಯೇ ಅಲ್ಲಿನ ತೊಡಕು. ತಮಾಷೆಯೆಂದರೆ ನಮ್ಮ ಹಳೆಯ ಸುಣ್ಣದ ಗಾರೆಗೆ ಬೆಲ್ಲ ಮತ್ತು ಅಳಲೆಕಾಯಿ ನೀರನ್ನು ಬೇಕೆಂದೇ ಹಾಕುತ್ತಿದ್ದರು. ಸಿಮೆಂಟಿಗೆ ವಿಷವಾದದ್ದು ಸುಣ್ಣಕ್ಕೆ ಮದ್ದು. ಹಳೆಯ ರಚ್ಚಿನ ರಾಶಿಯಲ್ಲಿ ಇನ್ನೊಂದು ಅಪಾಯವೂ ಉಂಟು: ಬೂಷ್ಟು ಹಿಡಿದ ರಚ್ಚಿನ ಧೂಳು ಉಸಿರಿನಲ್ಲಿ ಹೋದರೆ ಶ್ವಾಸಕೋಶ ಊದಿಕೊಳ್ಳುವ ಕಾಯಿಲೆ ಬರುತ್ತದೆ, ವೈದ್ಯರು ಅದನ್ನು ಬಗಾಸೋಸಿಸ್ ಎಂದೇ ಕರೆಯುತ್ತಾರೆ.

ಇಷ್ಟು ರಚ್ಚು ‘ವ್ಯರ್ಥವಾಗುತ್ತಿದೆ’ ಎಂದು ಬರೆಯುವವರು ಮಂಡ್ಯದ ಆಲೆಮನೆಯೊಂದನ್ನು ನೋಡಿದರೆ ಸಾಕು. ಕೊಪ್ಪರಿಗೆಯ ಕೆಳಗಿನ ಬೆಂಕಿಗೆ ಬೀಳುವುದು ಹೊರಗೆ ಒಣಹಾಕಿದ ಅದೇ ರಚ್ಚು, ಕಟ್ಟಿಗೆಗೆ ದುಡ್ಡು ಕೊಟ್ಟರೆ ಬೆಲ್ಲದಲ್ಲಿ ಗಿಟ್ಟುವುದಿಲ್ಲ. ಸಕ್ಕರೆ ಕಾರ್ಖಾನೆಗಳು ಅದನ್ನೇ ಸುಟ್ಟು ವಿದ್ಯುತ್ ಮಾಡಿ ಮಾರುತ್ತವೆ. ರಾಗಿ ಹುಲ್ಲು ದನದ ಹೊಟ್ಟೆಗೆ. ಭತ್ತದ ಹೊಟ್ಟು ಅಕ್ಕಿ ಗಿರಣಿಯ ಬಾಯ್ಲರಿಗೆ. ಪಂಜಾಬಿನ ಗದ್ದೆಗಳಲ್ಲಿ ಹುಲ್ಲಿಗೆ ಬೆಂಕಿಯಿಡುವುದು ನಿಜ, ಅಲ್ಲಿ ಹುಲ್ಲಿನ ಹಲಗೆಯ ಕಾರ್ಖಾನೆ ಬಂದರೆ ದೆಹಲಿಯ ಶ್ವಾಸಕೋಶಕ್ಕೂ ಒಳ್ಳೆಯದು. ಕೋಲಾರದಲ್ಲಿ ಅದೇ ಕಾರ್ಖಾನೆ ಹಾಕಿದರೆ ಅದು ಹಸುವಿನ ಜೊತೆ ಪೈಪೋಟಿಗಿಳಿಯುತ್ತದೆ. ಬರಗಾಲದಲ್ಲಿ ಒಂದು ಹೊರೆ ಹುಲ್ಲಿನ ಬೆಲೆ ಕೇಳಿದವರು ಅದನ್ನು ತ್ಯಾಜ್ಯ ಎನ್ನಲಾರರು.

ಇಂಗಾಲದ ಲೆಕ್ಕದಲ್ಲೂ ಇಂಥದೇ ಅವಸರ ಕಾಣುತ್ತದೆ. ಒಣ ನಾರಿನ ತೂಕದಲ್ಲಿ ಅರ್ಧದಷ್ಟು ಇಂಗಾಲ, ಅಂದರೆ ಒಂದು ಕಿಲೋ ನಾರು ಗಾಳಿಯಿಂದ ಸುಮಾರು 1.8 ಕಿಲೋ ಡೈಆಕ್ಸೈಡ್ ಎಳೆದುಕೊಂಡಿರುತ್ತದೆ. ಕರಪತ್ರಗಳು ಈ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಹಾಕುತ್ತವೆ. ಆ ಇಂಗಾಲ ಒಳಗಿರುವುದು ಹಲಗೆ ಇರುವಷ್ಟು ದಿನ ಮಾತ್ರ. ಎಪ್ಪತ್ತು ವರ್ಷ ನಿಂತ ತೊಲೆಗೂ, ಏಳೇ ವರ್ಷಕ್ಕೆ ಇಂಟೀರಿಯರ್ ಬದಲಿಸುವವರ ಮನೆಯ ಕಪಾಟಿಗೂ ಒಂದೇ ಅಂಕ ಕೊಡುವುದು ಸರಿಯಲ್ಲ.

ಎಲ್ಲ ಪೆಟ್ರೋಲಿಯಂ ಅಂಟನ್ನೂ ದೂರವಿಡಬೇಕು ಎಂಬುದು ಇಲ್ಲಿನ ವಾದವಲ್ಲ. ಬೆಂಗಳೂರಿನ ತುಮಕೂರು ರಸ್ತೆಯಲ್ಲಿದ್ದ ಪ್ಲೈವುಡ್ ಸಂಶೋಧನಾ ಸಂಸ್ಥೆ ಇಪಿರ್ಟಿ ರೂಪಿಸಿದ ಬಿದಿರಿನ ಅಲೆ ಅಲೆ ಶೀಟನ್ನು ನೋಡಿ. ಸೀಳಿದ ಬಿದಿರನ್ನು ಚಾಪೆಯಾಗಿ ಹೆಣೆದು, ಫೀನಾಲ್ ರೆಸಿನ್ನಿನಲ್ಲಿ ಅದ್ದಿ, ಒಣಗಿಸಿ, ಕೆಲವು ಪದರಗಳನ್ನು ಒಂದರ ಮೇಲೊಂದಿಟ್ಟು ಅಲೆಯಾಕಾರದ ಬಿಸಿ ಪ್ರೆಸ್ಸಿನಲ್ಲಿ ಒತ್ತುತ್ತಾರೆ. 2004ರಲ್ಲೇ ಇದಕ್ಕೆ ಭಾರತೀಯ ಮಾನಕ, ಐಎಸ್ 15476, ಬಂದಿದೆ. ಇದು ಸ್ಪರ್ಧಿಸುವುದು ‘ಸಿಮೆಂಟ್ ಶೀಟ್’ ಎಂದು ಎಲ್ಲರೂ ಕರೆಯುವ ಆಸ್ಬೆಸ್ಟಾಸ್ ಶೀಟಿನ ಜೊತೆ. ಅರವತ್ತಕ್ಕೂ ಹೆಚ್ಚು ದೇಶಗಳು ಆಸ್ಬೆಸ್ಟಾಸನ್ನು ನಿಷೇಧಿಸಿವೆ, ಭಾರತ ಆಮದು ಮಾಡಿಕೊಂಡು ಚಾವಣಿಗೆ ಹೊದಿಸುತ್ತಲೇ ಇದೆ. ಏಪ್ರಿಲ್ ಮಧ್ಯಾಹ್ನ ಶೀಟ್ ಮನೆಯೊಳಗೆ ಕೂತವರಿಗೆ ಬಿದಿರಿನ ಶೀಟು ಯಾಕೆ ಬೇಕೆಂದು ವಿವರಿಸಬೇಕಾಗಿಲ್ಲ. ಇಲ್ಲಿ ಫೀನಾಲ್ ಅಂಟು ತನ್ನ ಕೂಲಿಗೆ ತಕ್ಕ ಕೆಲಸ ಮಾಡುತ್ತಿದೆ: ಮಳೆಗೆ ತಡೆದು ನಿಲ್ಲುತ್ತದೆ, ಅನಿಲ ಬಿಡುವುದು ಅತ್ಯಲ್ಪ, ಕ್ಯಾನ್ಸರಿನ ನಾರನ್ನು ಮಾಡಿನಿಂದ ಕೆಳಗಿಳಿಸುತ್ತದೆ, ಮೇಲಾಗಿ ಚಾಪೆ ಹೆಣೆಯುವ ಕೈಗಳಿಗೆ ಕೂಲಿ. 2017ರ ಅರಣ್ಯ ಕಾಯ್ದೆ ತಿದ್ದುಪಡಿ ಕಾಡಿನ ಹೊರಗೆ ಬೆಳೆದ ಬಿದಿರನ್ನು ‘ಮರ’ಗಳ ಪಟ್ಟಿಯಿಂದ ತೆಗೆದ ಮೇಲೆ ರೈತರು ಅದನ್ನು ಕಡಿದು ಸಾಗಿಸುವುದೂ ಸಲೀಸಾಗಿದೆ. ಇಷ್ಟಾದರೂ ಗೋಡೌನು, ಅಂಗನವಾಡಿ, ಕೂಲಿಕಾರರ ಶೆಡ್ಡುಗಳ ಟೆಂಡರಿನಲ್ಲಿ ಹಳೆಯ ಸಿಮೆಂಟ್ ಶೀಟೇ ಹಾಗೇ ಮುಂದುವರಿದಿರುವುದಕ್ಕೆ ಬೆಲೆಯಷ್ಟೇ ಅಭ್ಯಾಸವೂ ಕಾರಣ.

ಇದರ ಎದುರು ತುದಿಯಲ್ಲಿರುವುದು ಡಬ್ಲ್ಯುಪಿಸಿ. ಮರದ ಪುಡಿಯನ್ನೋ ಹೊಟ್ಟನ್ನೋ ಪಿವಿಸಿ ಪ್ಲಾಸ್ಟಿಕ್ಕಿನಲ್ಲಿ ಕಲಸಿ ಹಿಂಡಿದ ಹಲಗೆ ಇದು. ಬಚ್ಚಲುಮನೆಯ ಬಾಗಿಲಿಗೆ ಈಗ ಎಲ್ಲರೂ ಹಾಕಿಸುವುದು ಇದನ್ನೇ, ನೀರಿಗೆ ಜಗ್ಗದು, ಗೆದ್ದಲು ಮುಟ್ಟದು. ಬಚ್ಚಲಿಗೆ ಇರಲಿ. ಆದರೆ ಇದನ್ನು ‘ಮರ ಉಳಿಸುವ ಹಸಿರು ಹಲಗೆ’ ಎಂದು ಮಾರುವುದು ಮಾತ್ರ ಒಪ್ಪುವಂಥದ್ದಲ್ಲ. ಇಲ್ಲಿ ಗಿಡ ಬರೀ ಭರ್ತಿ ಸಾಮಾನು. ಬರೀ ಪ್ಲಾಸ್ಟಿಕ್ಕಾದರೆ ಕರಗಿಸಬಹುದಿತ್ತು, ಬರೀ ಹೊಟ್ಟಾದರೆ ಗೊಬ್ಬರಕ್ಕೆ ಹಾಕಬಹುದಿತ್ತು. ಎರಡನ್ನೂ ಬೆರೆಸಿದ ಮೇಲೆ ಎರಡೂ ದಾರಿ ಮುಚ್ಚಿದಂತೆ.

2014ರಲ್ಲಿ ನ್ಯೂಯಾರ್ಕಿನ ಮೋಮಾ ಪಿಎಸ್1 ಕಲಾ ಕೇಂದ್ರದ ಅಂಗಳದಲ್ಲಿ ಡೇವಿಡ್ ಬೆಂಜಮಿನ್ ಅವರ ತಂಡ ಕಟ್ಟಿದ ಗೋಪುರ ಇದಕ್ಕೆ ತದ್ವಿರುದ್ಧ. ಜೋಳದ ದಂಟಿನ ಚೂರುಗಳ ನಡುವೆ ಅಣಬೆಯ ಬೇರೆಳೆ ಹಬ್ಬಿಸಿ ಬೆಳೆಸಿದ ಹತ್ತು ಸಾವಿರ ಇಟ್ಟಿಗೆಗಳು, ಬೇಸಿಗೆ ಮುಗಿದ ಮೇಲೆ ಎಲ್ಲವೂ ಗೊಬ್ಬರದ ಗುಂಡಿಗೆ. ಅಲ್ಲಿ ಅಂಟು ಎಂದರೆ ಶಿಲೀಂಧ್ರ. ಮೂರು ತಿಂಗಳ ಪ್ರದರ್ಶನಕ್ಕೆ ಸೊಗಸು, ಆಗುಂಬೆಯ ಮಳೆಗೆ ಯಾರೂ ಶಿಫಾರಸು ಮಾಡಲಾರರು. ಆದರೂ ಕಟ್ಟುವ ಮೊದಲೇ ಕೆಡವುವ ದಿನದ ಯೋಚನೆ ಮಾಡಿದ್ದು ಅವರ ಹೆಚ್ಚುಗಾರಿಕೆ.

ಹೊಸದಾಗಿ ಕಾನೂನು ಮಾಡುವುದಕ್ಕಿಂತ ಸುಲಭದ ಕೆಲಸವೊಂದು ಉಳಿದಿದೆ. ಹಲಗೆಯ ಮೇಲೆ ದಪ್ಪ, ದರ್ಜೆ, ಕಂಪನಿಯ ಮುದ್ರೆ ಒತ್ತುವ ಜಾಗದಲ್ಲೇ ಅಂಟಿನ ಹೆಸರು, ಅದರ ಪ್ರಮಾಣ, ಎಷ್ಟು ಫಾರ್ಮಾಲ್ಡಿಹೈಡ್ ಬಿಡುತ್ತದೆ ಎಂಬುದನ್ನು ಕನ್ನಡದಲ್ಲಿ ಒತ್ತಬಹುದು. ಬಿಸ್ಕತ್ತಿನ ಪೊಟ್ಟಣದ ಮೇಲೆ ಎಷ್ಟು ಗ್ರಾಂ ಸಕ್ಕರೆ ಎಂದು ಬರೆಯುತ್ತೇವೆ, ಮಗು ತಲೆಯಿಟ್ಟು ಮಲಗುವ ಮಂಚದ ಹಲಗೆಗೆ ಅಷ್ಟಾದರೂ ಬೇಡವೇ? ಹಾಗೆ ಬರೆದಿದ್ದರೆ ಧೂಳಿನ ನಡುವೆ ಮುಖಕ್ಕೆ ಟವಲು ಸುತ್ತಿಕೊಂಡು ದಿನವಿಡೀ ಎಂಡಿಎಫ್ ಕೊಯ್ಯುವ ಹುಡುಗರಿಗೂ ಗೊತ್ತಾಗುತ್ತಿತ್ತು, ತಾವು ಏನನ್ನು ಉಸಿರಾಡುತ್ತಿದ್ದೇವೆ ಎಂದು.

ಬೆಂಗಳೂರಿನ ಯಾವುದೇ ಬಡಾವಣೆಯಲ್ಲಿ ಮನೆ ಖಾಲಿ ಮಾಡುವ ದಿನ ಗುಜರಿಯವರ ಗಾಡಿ ಬಂದು ನಿಲ್ಲುತ್ತದೆ. ಕಬ್ಬಿಣಕ್ಕೆ ಒಂದು ರೇಟು, ಪೇಪರಿಗೆ ಒಂದು, ಪ್ಲಾಸ್ಟಿಕ್ ಬಕೆಟ್ಟಿಗೆ ಇನ್ನೊಂದು. ಹಳೆಯ ತೇಗದ ಬಾಗಿಲಿದ್ದರೆ ಚೌಕಾಸಿ ಮಾಡಿ ಒಯ್ಯುತ್ತಾರೆ. ಕೆಳಗೆ ನೀರು ಕುಡಿದು ಊದಿಕೊಂಡ ಪಾರ್ಟಿಕಲ್ ಬೋರ್ಡಿನ ಕಪಾಟನ್ನು ತೋರಿಸಿದರೆ ಕೈಯಾಡಿಸುತ್ತಾರೆ: ‘ಅದು ಬೇಡ ಸಾರ್, ಒಲೆಗೂ ಬರಲ್ಲ, ಹೊಗೆ ಕಣ್ಣು ಉರಿಸುತ್ತೆ.’ ಕಪಾಟು ರಾತ್ರಿ ಯಾರೂ ನೋಡದ ಹೊತ್ತಿನಲ್ಲಿ ಮೇಲ್ಸೇತುವೆಯ ಕಂಬದ ಬುಡ ಸೇರುತ್ತದೆ.